ಶಾಸನದ ವಿಡಿಯೋ ಮಾಡುವವರು ಯಾವ ಕಂಪ್ಯೂಟರ್ ತಗೋಬೇಕು, ಎಷ್ಟು ಡಿಸ್ಕ್ ಇಟ್ಕೋಬೇಕು?

ಕೆಲವು ವರ್ಷಗಳ ಹಿಂದೆ ಕೋಲಾರ ಜಿಲ್ಲೆಯ ಒಂದು ಕೆರೆಯ ಏರಿಯ ಮೇಲೆ ಅರ್ಧ ಹೂತಿದ್ದ ವೀರಗಲ್ಲನ್ನು ನಾವು ಮೂವರು ಸೇರಿ ಒಂದು ಇಡೀ ದಿನ ಚಿತ್ರೀಕರಿಸಿದೆವು. ಪಟ್ಟಿಕೆಗಳ ನಡುವೆ ಐದು ಸಾಲು ಬರಹ ಇತ್ತು, ಅದರಲ್ಲಿ ಮೂರು ಸಾಲು ಬಹಳ ಸವೆದಿತ್ತು. ಸಂಜೆ ಊರಿನ ಹಿರಿಯರೊಬ್ಬರು ಬಂದು ಕೂತು, ಆ ಕಲ್ಲಿಗೆ ಹಿಂದೆ ಯಾರು ಪೂಜೆ ಮಾಡ್ತಿದ್ರು, ಸುತ್ತಲಿನ ಹೊಲಗಳಿಗೆ ಏನೇನು ಹೆಸರು ಅಂತೆಲ್ಲ ಮುಕ್ಕಾಲು ಗಂಟೆ ಹೇಳಿದರು. ಅದನ್ನೂ ರೆಕಾರ್ಡ್ ಮಾಡಿಕೊಂಡೆವು. ಮನೆಗೆ ಬಂದು ಎಲ್ಲವನ್ನೂ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಹಾಕಿದೆ. ಮುಂದಿನ ವಾರದ ಓಡಾಟಕ್ಕೆ ಬೇಕು ಅಂತ ಮೆಮೊರಿ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಿದೆ.

ಮೂರು ತಿಂಗಳಾದ ಮೇಲೆ ಆ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಟಿಕ್ ಟಿಕ್ ಅಂತ ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಆ ಊರಿಗೆ ಹೋದಾಗ ಏರಿಯ ಮೇಲಿನ ದಾರಿ ಅಗಲವಾಗಿತ್ತು, ಕಲ್ಲು ಇದ್ದ ಜಾಗದಲ್ಲಿ ಜಲ್ಲಿ ಹಾಸಿತ್ತು. ಆ ಹಿರಿಯರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಈಗ ನಮ್ಮ ಹತ್ತಿರ ಉಳಿದಿರೋದು ಸ್ನೇಹಿತನೊಬ್ಬ ಅವತ್ತು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಒಂದು ಫೋಟೋ. ಅದರಲ್ಲಿ ಮೊದಲ ಸಾಲಷ್ಟೇ ಓದಬಹುದು. ವಾಟ್ಸ್ಯಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಸವೆದ ಕಲ್ಲಿನಲ್ಲಿ 'ಪ'ಕಾರವೋ 'ವ'ಕಾರವೋ ಅನ್ನುವುದನ್ನು ತೀರ್ಮಾನಿಸುವ ಒಂದು ಸಣ್ಣ ಗೀರು ಆ ಕುಗ್ಗಿಸುವಿಕೆಯಲ್ಲೇ ಹೋಗಿಬಿಡುತ್ತದೆ.

ಹಾಗಾಗಿ, 'ಸಾರ್, ಶಾಸನದ ವಿಡಿಯೋ ಮಾಡ್ಬೇಕು, ಎಡಿಟಿಂಗ್‌ಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?' ಅಂತ ಯಾರಾದರೂ ಕೇಳಿದರೆ ನಾನು ಮೊದಲು ಡಿಸ್ಕಿನ ಮಾತು ಎತ್ತುತ್ತೇನೆ. ಲ್ಯಾಪ್‌ಟಾಪ್ ನಿಧಾನವಾದರೆ ರಾತ್ರಿ ಕೆಲಸಕ್ಕೆ ಹಚ್ಚಿ ಮಲಗಬಹುದು. ಕಳೆದುಹೋದ ಚಿತ್ರೀಕರಣಕ್ಕೆ ಆ ಅನುಕೂಲ ಇಲ್ಲ.

ಶಾಸನಕ್ಕೆ ವಿಡಿಯೋ ಯಾಕೆ, ಫೋಟೋ ಸಾಲದೇ ಅಂತ ಕೇಳುವವರಿದ್ದಾರೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ಸುತ್ತಲೂ ನಿಧಾನವಾಗಿ ಸರಿಸುತ್ತಾ ವಿಡಿಯೋ ತೆಗೆದು ನೋಡಿ. ಒಂದು ಕೋನದಲ್ಲಿ ಕಾಣದ ಕೊಂಬು ಇನ್ನೊಂದು ಕೋನದಲ್ಲಿ ಎದ್ದು ಕಾಣುತ್ತದೆ. ಬೆಳಕು ಸರಿದ ಹಾಗೆ ನೆರಳೂ ಸರಿಯುವುದರಿಂದ, ಇದು ಉಳಿಯ ಗುರುತೋ ಕಲ್ಲಿನ ಬಿರುಕೋ ಅನ್ನುವುದು ಗೊತ್ತಾಗುತ್ತದೆ. ಪಡಿಯಚ್ಚು ತೆಗೆಯಲು ಅನುಮತಿ ಸಿಗದ ಕಡೆ, ಅಥವಾ ಕಲ್ಲಿನ ಮೈ ಪದರು ಪದರಾಗಿ ಏಳುತ್ತಿರುವ ಕಡೆ, ನಮಗೆ ಇದೇ ಗತಿ.

ಈಗ ಲೆಕ್ಕಕ್ಕೆ ಬರೋಣ. 4ಕೆ ವಿಡಿಯೋವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ಒಂದೊಂದು 30 ಎಂಬಿಯ 300 ರಾ ಫೋಟೋ ತೆಗೆದರೆ 9 ಜಿಬಿ. ಮಾತುಕತೆಯನ್ನು 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲಿನಲ್ಲಿ ಒಂದೇ ಚಾನೆಲ್ ಆಗಿ ಎರಡು ಗಂಟೆ ರೆಕಾರ್ಡ್ ಮಾಡಿದರೂ 1 ಜಿಬಿ ಅಷ್ಟೆ. ಒಟ್ಟು ದಿನಕ್ಕೆ 55 ಜಿಬಿ. ವರ್ಷಕ್ಕೆ 40 ಸಲ ಹೊರಗೆ ಹೋದರೆ 2.2 ಟಿಬಿ. ಇದು ಮೂಲ ಫೈಲುಗಳ ಲೆಕ್ಕ ಮಾತ್ರ, ಮೂರು ಆಯಾಮದ ಮಾದರಿ ಮಾಡುವಾಗ ಹುಟ್ಟುವ ಫೈಲುಗಳು ಬೇರೆ. ಅಂದರೆ ವರ್ಷಕ್ಕೆ 4 ಟಿಬಿ ಅಂತ ಇಟ್ಟುಕೊಳ್ಳಿ. ಅಂಗಡಿಯವರ 4 ಟಿಬಿ ವಿಂಡೋಸ್‌ನಲ್ಲಿ ಸುಮಾರು 3.6 ಅಂತ ತೋರಿಸುತ್ತೆ, ಮೋಸ ಹೋದೆ ಅಂದುಕೊಳ್ಳಬೇಡಿ. ಅವರು ಸಾವಿರದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರಲ್ಲಿ ಎಣಿಸುತ್ತೆ.

ಈ ಲೆಕ್ಕದಲ್ಲಿ ಧ್ವನಿಯ ಪಾಲು ಎಷ್ಟು ಕಡಿಮೆ ಗಮನಿಸಿ. ಜಾಗ ಉಳಿಸೋಕೆ ಅಂತ ಹಿರಿಯರ ಮಾತನ್ನು ಎಂಪಿ3 ಮಾಡಿ ಇಡೋರಿದ್ದಾರೆ, ಅದರಿಂದ ಉಳಿಯೋದು ಏನೂ ಇಲ್ಲ. ಹೊಲದ ಹೆಸರು, ಕಟ್ಟೆಯ ಹೆಸರು, ಹಾಳೂರಿನ ಹೆಸರು ಶಾಸನದಲ್ಲಿ ಬರುವ ಸ್ಥಳನಾಮವನ್ನು ಗುರುತಿಸಲು ಎಷ್ಟೋ ಸಲ ನೆರವಾಗುತ್ತವೆ. ಉಚ್ಚಾರ ಸ್ಪಷ್ಟವಾಗಿ ಕೇಳಬೇಕು. ಮೈಕಿಗೆ ಗಾಳಿ ತಡೆಯುವ ತುಪ್ಪಳದ ಕವಚ ಹಾಕಿ. ಕೆರೆ ಏರಿಯ ಮೇಲಿನ ಗಾಳಿಯ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಪೂರ್ತಿ ತೆಗೆಯೋಕಾಗಲ್ಲ.

ಡಿಸ್ಕುಗಳಲ್ಲಿ ಎರಡು ಜಾತಿ. ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಅಗ್ಗ, ಆದರೆ ಬಿದ್ದರೆ ಕಥೆ ಮುಗೀತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ವೇಗ ಹೆಚ್ಚು, ಅದೇ ಜಾಗಕ್ಕೆ ಬೆಲೆಯೂ ಹೆಚ್ಚು. ಬಸ್ಸು, ಬೈಕು, ಮುಳ್ಳುಪೊದೆಗಳಲ್ಲಿ ಓಡಾಡುವಾಗ ಚೀಲದಲ್ಲಿ ಇರಬೇಕಾದ್ದು ಎಸ್‌ಎಸ್‌ಡಿ. 1 ಟಿಬಿ ಸಾಕು. ಮನೆಯಲ್ಲಿ ಅಲುಗಾಡದೆ ಇರಬೇಕಾದ್ದು ಹಾರ್ಡ್ ಡಿಸ್ಕ್. ಇದನ್ನು ತಿರುಗಾಮುರುಗಾ ಮಾಡೋರೇ ಜಾಸ್ತಿ, ನಾನೂ ಹಾಗೇ ಮಾಡಿದ್ದೆ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ವಿದ್ಯುತ್ ಕೊಡದೆ ಬೀರುವಿನಲ್ಲಿ ಇಟ್ಟರೆ ಅದರೊಳಗಿನ ವಿದ್ಯುದಂಶ ನಿಧಾನವಾಗಿ ಸೋರಿ ಮಾಹಿತಿ ಹಾಳಾಗಬಹುದು. ಆದ್ದರಿಂದ ದೀರ್ಘಕಾಲದ ಸಂಗ್ರಹಕ್ಕೆ ಅದನ್ನು ನಂಬಬೇಡಿ. ಪೆನ್‌ಡ್ರೈವನ್ನಂತೂ ಫೈಲು ಸಾಗಿಸೋಕೆ ಮಾತ್ರ ಬಳಸಿ.

ಸಂಗ್ರಹ ಕಾಯುವವರೆಲ್ಲ ಹೇಳುವ 3-2-1 ಅನ್ನುವ ನಿಯಮ ಒಂದಿದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಪ್ರತಿ ಬೇರೆ ಊರಿನಲ್ಲಿ. ಶಾಸನ ಓದುವವರಿಗೆ ಇದು ಹೊಸದೇನಲ್ಲ. ಕ್ರಿ.ಶ. 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಮಾಡಿಸಿದ ಒಡಂಬಡಿಕೆಯ ಶಾಸನ ಶ್ರವಣಬೆಳಗೊಳದಲ್ಲಿದೆ. ಅದೇ ಒಡಂಬಡಿಕೆಯ ಕಲ್ಲು ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ. ಹಾಗೆ ನಿಲ್ಲಿಸಿದ್ದು ಎರಡೂ ಕಡೆಯ ಜನಕ್ಕೆ ತಿಳಿಯಲಿ ಅಂತ ಇರಬಹುದು. ಆದರೂ ಒಂದು ಊರಿನ ಕಲ್ಲಿಗೆ ಏನಾದರೂ ಆದರೆ ಇನ್ನೊಂದು ಊರಿನದು ಉಳಿಯುತ್ತಿತ್ತು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯದು, ಬಂದದ್ದು 1905ರಲ್ಲಿ. ಅದರಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ, ಅಚ್ಚಾದ ಪಾಠವೇ ಈಗ ನಮಗೆ ಉಳಿದಿರುವ ಪ್ರತಿ.

ನಾನೀಗ ಮಾಡೋದು ಹೀಗೆ. ಕೆಲಸ ಮುಗಿದ ರಾತ್ರಿಯೇ ಕಾರ್ಡಿನಿಂದ ಲ್ಯಾಪ್‌ಟಾಪಿಗೂ ಚೀಲದ ಎಸ್‌ಎಸ್‌ಡಿಗೂ ನಕಲು ಮಾಡುತ್ತೇನೆ. ಮನೆಗೆ ಬಂದ ಮೇಲೆ ದೊಡ್ಡ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ. ಅದೇ ಅಳತೆಯ ಇನ್ನೊಂದು ಡಿಸ್ಕ್ ತಂಗಿಯ ಮನೆಯಲ್ಲಿದೆ, ತಿಂಗಳಿಗೊಮ್ಮೆ ಅಲ್ಲಿ ಊಟಕ್ಕೆ ಹೋದಾಗ ಅದಕ್ಕೂ ತುಂಬಿಸಿ ಬರುತ್ತೇನೆ. ಇಷ್ಟೆಲ್ಲ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಲ್ಲ. ಎರಡು ಕಾರ್ಡ್ ಹೆಚ್ಚಿಗೆ ಕೊಂಡರೆ ಈ ಶಿಸ್ತು ತಾನಾಗಿ ಬರುತ್ತೆ. ನಕಲು ಸರಿಯಾಗಿದೆಯೇ ಅಂತ ಚೆಕ್‌ಸಮ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಫೈಲಿನೊಳಗಿನ ಎಲ್ಲ ಬಿಟ್‌ಗಳಿಂದ ಲೆಕ್ಕ ಹಾಕಿ ಬರುವ ಒಂದು ಗುರುತು ಅದು, ಒಂದು ಬಿಟ್ ಬದಲಾದರೂ ಗುರುತು ಬೇರೆಯಾಗುತ್ತೆ. ಟೆರಾಕಾಪಿಯಂಥ ಸಾಫ್ಟ್‌ವೇರು ನಕಲು ಮಾಡಿದ ಮೇಲೆ ಇದನ್ನು ತಾನೇ ಹೋಲಿಸಿ ಹೇಳುತ್ತೆ.

ಕ್ಲೌಡ್ ಸಾಲದೇ ಅಂದರೆ, ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 55 ಜಿಬಿ ಏರಿಸಲು ಆರು ಗಂಟೆಗೂ ಹೆಚ್ಚು ಬೇಕು. ಧ್ವನಿ, ಆಯ್ದ ಫೋಟೋ, ಪಾಠದ ಟಿಪ್ಪಣಿಗಳಿಗೆ ಕ್ಲೌಡ್ ಚೆನ್ನ. ಎಲ್ಲಕ್ಕೂ ಅಂದರೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಲೇ ಇರಬೇಕು.

ಇನ್ನು ಕಂಪ್ಯೂಟರ್. ಎಡಿಟ್ ಮಾಡುವಾಗ ವಿಡಿಯೋ ತಡವರಿಸಿದರೆ ಎಲ್ಲರೂ ಡಿಸ್ಕನ್ನು ಬೈಯುತ್ತಾರೆ. ನಮ್ಮ 100 ಮೆಗಾಬಿಟ್ ವಿಡಿಯೋಗೆ ಸೆಕೆಂಡಿಗೆ 12.5 ಎಂಬಿ ಸಾಕು, ಸಾಧಾರಣ ಹಾರ್ಡ್ ಡಿಸ್ಕೂ ಅದಕ್ಕಿಂತ ಹಲವು ಪಟ್ಟು ಕೊಡುತ್ತೆ. ತೊಂದರೆ ಇರೋದು ಬಿಚ್ಚುವ ಕೆಲಸದಲ್ಲಿ. ಎಚ್.265 ನಂಥ ವಿಧಾನ ಫೈಲನ್ನು ಬಿಗಿಯಾಗಿ ಮಡಚಿ ಇಡುತ್ತೆ, ತೋರಿಸುವಾಗ ಪ್ರೊಸೆಸರ್ ಅದನ್ನು ಬಿಚ್ಚಬೇಕು. ಅದಕ್ಕೇ ಅಂತ ಚಿಪ್ಪಿನಲ್ಲಿ ಪ್ರತ್ಯೇಕ ಭಾಗ ಇದ್ದರೆ ಸಲೀಸು. ನಿಮ್ಮ ಕ್ಯಾಮೆರಾ 10 ಬಿಟ್ 4:2:2 ಕೊಡುವುದಾದರೆ ಕೊಳ್ಳುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ. ಅದನ್ನು ಬಿಚ್ಚಲು ಬರದ ದುಬಾರಿ ಗ್ರಾಫಿಕ್ಸ್ ಕಾರ್ಡುಗಳೂ ಇವೆ. ಹಳೆಯ ಯಂತ್ರವೇ ಇದೆಯಾ? ಪ್ರಾಕ್ಸಿ ಮಾಡಿಕೊಳ್ಳಿ, ಅಂದರೆ ಮೂಲದ ಸಣ್ಣ ನಕಲು. ಅದರ ಮೇಲೆ ಕತ್ತರಿಸಿ ಜೋಡಿಸಿ, ಕೊನೆಗೆ ಹೊರತೆಗೆಯುವಾಗ ಸಾಫ್ಟ್‌ವೇರ್ ಮೂಲ ಫೈಲನ್ನೇ ಬಳಸುತ್ತೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದು ಸಾಧ್ಯ.

ಬರೀ ವಿಡಿಯೋ ಆದರೆ 16 ಜಿಬಿ ರ‍್ಯಾಮಿನಲ್ಲಿ ಕೆಲಸ ಸಾಗುತ್ತೆ. ಫೋಟೋಗಳಿಂದ ಕಲ್ಲಿನ ಮೂರು ಆಯಾಮದ ಮಾದರಿಯನ್ನೂ ಕಟ್ಟುವ ಆಸೆ ಇದ್ದರೆ 32 ಬೇಕು. ಉಚಿತವಾಗಿ ಸಿಗುವ ಮೆಶ್‌ರೂಮ್‌ನಲ್ಲಿ ಆಳವನ್ನು ಲೆಕ್ಕ ಹಾಕುವ ಹಂತಕ್ಕೆ ಎನ್ವಿಡಿಯಾ ಕಾರ್ಡೇ ಬೇಕು. ಆ್ಯಪಲ್‌ನ ಈಚಿನ ಲ್ಯಾಪ್‌ಟಾಪುಗಳು ವಿಡಿಯೋಗೆ ಬಹಳ ಚೆನ್ನಾಗಿವೆ, ಬ್ಯಾಟರಿಯೂ ಬರುತ್ತೆ. ಆದರೆ ಅವುಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸೋಕೆ ಬರೋದಿಲ್ಲ. ಸ್ಲಾಟ್ ಇರುವ ವಿಂಡೋಸ್ ಯಂತ್ರವನ್ನು ಈಗ 16ಕ್ಕೆ ಕೊಂಡು ಮುಂದಿನ ವರ್ಷ 32 ಮಾಡಬಹುದು. ಮಿಕ್ಕ ದುಡ್ಡಿಗೆ ತಂಗಿಯ ಮನೆಯ ಡಿಸ್ಕ್ ಬರುತ್ತೆ. ಕೈ ಬಿಗಿ ಇದ್ದರೆ ನಾನಂತೂ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೇನು, ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಳ್ಳಲ್ಲ.

ಫೈಲಿಗೆ ಹೆಸರಿಡುವ ವಿಚಾರ ಸಣ್ಣದಾಗಿ ಕಾಣುತ್ತೆ. ಕ್ಯಾಮೆರಾ ಕೊಟ್ಟ ನಂಬರಿನಲ್ಲೇ ಬಿಟ್ಟರೆ ಎರಡು ವರ್ಷ ಕಳೆದ ಮೇಲೆ ಯಾವ ಕಲ್ಲು ಯಾವುದು ಅಂತ ನಿಮಗೇ ಗೊತ್ತಾಗಲ್ಲ. ದಿನಾಂಕ, ತಾಲ್ಲೂಕು, ಊರು, ಅಚ್ಚಾಗಿದ್ದರೆ ಎಪಿಗ್ರಾಫಿಯಾ ಕರ್ನಾಟಿಕದ ಸಂಖ್ಯೆ, ಇಷ್ಟು ಫೋಲ್ಡರಿನ ಹೆಸರಿನಲ್ಲಿರಲಿ. ಜೊತೆಗೆ ಒಂದು ಸಾದಾ ಪಠ್ಯದ ಫೈಲಿನಲ್ಲಿ ಕಲ್ಲು ಇರುವ ಜಾಗ, ಅಳತೆ, ಮಾತಾಡಿದವರು ಒಪ್ಪಿಗೆ ಕೊಟ್ಟಿದ್ದಾರೆಯೇ ಅನ್ನುವುದನ್ನು ಬರೆದಿಡಿ.

ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಎಲ್ಲ ಡಿಸ್ಕುಗಳನ್ನೂ ಹೊರಗೆ ತೆಗೆದು ಒಂದೊಂದಾಗಿ ಜೋಡಿಸಿ ಚೆಕ್‌ಸಮ್ ತಾಳೆ ನೋಡುತ್ತೇನೆ. ಐದಾರು ವರ್ಷ ದಾಟಿದ್ದನ್ನು ಹೊಸದಕ್ಕೆ ನಕಲು ಮಾಡುತ್ತೇನೆ. ಕಳೆದ ಸಲ ಒಂದು ಡಿಸ್ಕಿನಲ್ಲಿ ಎರಡು ಫೈಲು ತಾಳೆಯಾಗಲಿಲ್ಲ. ತಂಗಿಯ ಮನೆಯ ಪ್ರತಿಯಲ್ಲಿ ಎರಡೂ ಸರಿಯಾಗಿದ್ದವು.