ಹಾಲಿನ ಡಬ್ಬಿ, ಮೊಟ್ಟೆಯ ತಟ್ಟೆ, 50 ಡಾಲರ್

4 ಬಟ್ಟಲು ಮೈದಾ, 1 ಬಟ್ಟಲು ಉಪ್ಪು, ಒಂದೂವರೆ ಬಟ್ಟಲು ನೀರು. ಪೂರಿ ಹಿಟ್ಟಿನ ಹದ ಬರುವವರೆಗೆ ನಾದಬೇಕು. ಆಮೇಲೆ ಅದರಲ್ಲಿ ಮನೆ, ಮರ, ಅಜ್ಜಿ, ನಾಯಿ, ಟ್ರಾಮು, ಏನು ಬೇಕಾದರೂ ಮಾಡಿ ಸಣ್ಣ ಕಾವಿನ ಅವನ್‌ನಲ್ಲಿಟ್ಟರೆ ಒಣಗಿ ಗಟ್ಟಿಯಾಗುತ್ತದೆ. ಅಮೆರಿಕದಲ್ಲಿ ಇದನ್ನು ‘ಬೇಕರ್ಸ್ ಕ್ಲೇ’ ಎನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ಶಾಲೆಗಳಿಗೆ ಕಲಾಶಿಕ್ಷಣ ಹೇಗೆ ಬಂತು ಎಂದು ಹುಡುಕುತ್ತ ಹೋದರೆ ಈ ಹಿಟ್ಟು ಸಿಗುತ್ತದೆ. ಹಿಟ್ಟು ನಾದಿದ ಹೆಂಗಸೂ ಸಿಗುತ್ತಾರೆ: ರೂತ್ ಅಸಾವಾ.

ಅಸಾವಾ ಅವರ ಹೆಸರು ಕಲಾಲೋಕಕ್ಕೆ ಗೊತ್ತಿರುವುದು ತಂತಿಯ ಶಿಲ್ಪಗಳಿಂದ. ಬರಿಯ ತಂತಿಯನ್ನು ಕುಣಿಕೆ ಕುಣಿಕೆಯಾಗಿ ಹೆಣೆದು ಸೂರಿನಿಂದ ತೂಗುಬಿಟ್ಟ ಆಕೃತಿಗಳು ಅವು. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಕಾಣುತ್ತದೆ. ಇಂದು ಹರಾಜಿನಲ್ಲಿ ಅವಕ್ಕೆ ಲಕ್ಷಾಂತರ ಡಾಲರ್ ಬೀಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಡಿ ಯಂಗ್ ಮ್ಯೂಸಿಯಂನ ಗೋಪುರದ ಕೆಳಗೆ ಹೋದವರು ಅವನ್ನೂ ಗೋಡೆಯ ಮೇಲೆ ಬೀಳುವ ಅವುಗಳ ನೆರಳನ್ನೂ ನೋಡಿರುತ್ತಾರೆ. ಬೇ ಏರಿಯಾದಲ್ಲಿ ಮಗನೋ ಮಗಳೋ ಇರುವ ನಮ್ಮ ಎಷ್ಟೋ ಅಪ್ಪ ಅಮ್ಮಂದಿರು ಗೋಲ್ಡನ್ ಗೇಟ್ ಸೇತುವೆ ನೋಡಿ ಬರುತ್ತಾರಲ್ಲ, ಅಲ್ಲಿಂದ ಈ ಮ್ಯೂಸಿಯಂ ದೂರವೇನಲ್ಲ.

ಆದರೆ ಇಲ್ಲಿ ಹೇಳಬೇಕಾದದ್ದು ತಂತಿಯ ವಿಚಾರವಲ್ಲ. 1968ರಲ್ಲಿ ಅಸಾವಾ ಆರು ಮಕ್ಕಳ ತಾಯಿ. ಮನೆ ನೋಯಿ ವ್ಯಾಲಿ ಬಡಾವಣೆಯಲ್ಲಿ, ಮಕ್ಕಳು ಹೋಗುತ್ತಿದ್ದುದು ಅಲ್ಲೇ ಇದ್ದ ಆಲ್ವರಾಡೊ ಎಂಬ ಸರ್ಕಾರಿ ಪ್ರಾಥಮಿಕ ಶಾಲೆಗೆ. ಆ ಶಾಲೆಯಲ್ಲಿ ಕಲೆಯ ಹೆಸರಿನಲ್ಲಿ ನಡೆಯುತ್ತಿದ್ದುದು ಅವರಿಗೆ ಸಾಲದು ಅನ್ನಿಸಿತು. ದೂರು ಬರೆದು ಕೂರುವ ಜಾಯಮಾನ ಅವರದಲ್ಲ. ಅದೇ ಶಾಲೆಯ ಇನ್ನೊಬ್ಬ ತಾಯಿ, ವಾಸ್ತುಶಿಲ್ಪದ ಇತಿಹಾಸಕಾರ್ತಿ ಸ್ಯಾಲಿ ವುಡ್‌ಬ್ರಿಡ್ಜ್ ಅವರನ್ನು ಜೊತೆಗೆ ಸೇರಿಸಿಕೊಂಡು ‘ಆಲ್ವರಾಡೊ ಆರ್ಟ್ಸ್ ವರ್ಕ್‌ಶಾಪ್’ ಶುರುಮಾಡಿದರು. ಕೈಯಲ್ಲಿದ್ದ ದುಡ್ಡು 50 ಡಾಲರ್. ಉಳಿದದ್ದೆಲ್ಲ ಮನೆಮನೆಗಳಿಂದ ಬಂದದ್ದು: ಖಾಲಿಯಾದ ಹಾಲಿನ ಡಬ್ಬಿ, ಮೊಟ್ಟೆಯ ತಟ್ಟೆ, ತುಂಡು ಉಣ್ಣೆದಾರ. ಜೊತೆಗೆ ಈ ಹಿಟ್ಟು.

ಇದನ್ನು ‘ಕಸದಿಂದ ರಸ’ ಎಂದು ಬರೆದು ಮುಗಿಸಿಬಿಡಬಹುದು. ಭಾನುವಾರದ ಪುರವಣಿಗಳಲ್ಲಿ ಆ ಮಾತು ಎಷ್ಟು ಸಲ ಅಚ್ಚಾಗಿದೆಯೋ. ಅಸಾವಾ ಅವರ ಲೆಕ್ಕಾಚಾರ ಬೇರೆ ಇತ್ತು. ಅದು ತಿಳಿಯಬೇಕಾದರೆ ಅವರು ಎಲ್ಲಿ ಕಲಿತರು ಎಂಬುದನ್ನು ಸ್ವಲ್ಪ ನೋಡಬೇಕು.

ಅಸಾವಾ ಹುಟ್ಟಿದ್ದು 1926ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ತರಕಾರಿ ಬೆಳೆಯುತ್ತಿದ್ದ ಜಪಾನಿ ವಲಸಿಗರ ಮನೆಯಲ್ಲಿ. 1942ರಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಅಮೆರಿಕ ಸರ್ಕಾರ ಬಂಧನ ಶಿಬಿರಗಳಿಗೆ ಅಟ್ಟಿದಾಗ ಹದಿನಾರರ ಹುಡುಗಿ ಮೊದಲು ಹೋಗಿ ಬಿದ್ದದ್ದು ಸಾಂಟಾ ಅನೀಟಾ ಎಂಬ ರೇಸ್ ಕೋರ್ಸಿಗೆ. ಕುದುರೆ ಲಾಯವೇ ಮನೆ. ಅಪ್ಪನನ್ನು ಎಫ್‌ಬಿಐ ಅದಕ್ಕೂ ಮೊದಲೇ ಬೇರೆ ಕಡೆಗೆ ಒಯ್ದಿತ್ತು. ಆದರೆ ಅದೇ ರೇಸ್ ಕೋರ್ಸಿನ ಶಿಬಿರದಲ್ಲಿ ವಾಲ್ಟ್ ಡಿಸ್ನಿ ಸ್ಟುಡಿಯೊದ ಕೆಲವು ಜಪಾನಿ ಅಮೆರಿಕನ್ ಚಿತ್ರಕಾರರೂ ಇದ್ದರು. ಕೆಲಸವಿಲ್ಲದ ಅವರು ಪ್ರೇಕ್ಷಕರ ಗ್ಯಾಲರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಡ್ರಾಯಿಂಗ್ ಹೇಳಿಕೊಟ್ಟರು. ಕಸುಬು ಬಲ್ಲವನು ಪಕ್ಕದಲ್ಲಿ ಕೂತು ಕಲಿಸುವುದೆಂದರೆ ಏನು ಎಂಬುದನ್ನು ಅಸಾವಾ ಮೊದಲು ಕಂಡದ್ದು ಅಲ್ಲಿ, ಸೆರೆಯಲ್ಲಿ.

ಆಮೇಲೆ ಮಿಲ್ವಾಕಿಯ ಶಿಕ್ಷಕರ ಕಾಲೇಜು. ಕಲಾಶಿಕ್ಷಕಿಯಾಗಬೇಕೆಂಬ ಆಸೆ. ಪದವಿ ಸಿಗಬೇಕಾದರೆ ಕೊನೆಯಲ್ಲಿ ಯಾವುದಾದರೂ ಶಾಲೆಯಲ್ಲಿ ಪಾಠದ ಅಭ್ಯಾಸ ಮಾಡಬೇಕು. ಯುದ್ಧ ಮುಗಿಯುತ್ತಿದ್ದ ಆ ದಿನಗಳಲ್ಲಿ ಜಪಾನಿ ಮುಖದವಳನ್ನು ತರಗತಿಗೆ ಬಿಟ್ಟುಕೊಳ್ಳಲು ಶಾಲೆಗಳು ಒಪ್ಪುವುದಿಲ್ಲ ಎಂದು ಆ ಅವಕಾಶವನ್ನೇ ಕೊಡಲಿಲ್ಲ. ಪದವಿ ಕೈತಪ್ಪಿತು. ಕಾಲೇಜು ತಪ್ಪು ತಿದ್ದಿಕೊಂಡು ಪದವಿ ಕೊಟ್ಟದ್ದು 1998ರಲ್ಲಿ. ಅಷ್ಟರಲ್ಲಿ ಆಕೆಗೆ ಎಪ್ಪತ್ತು ದಾಟಿತ್ತು, ಒಂದು ನಗರದ ಶಾಲೆಗಳಲ್ಲಿ ಕಲೆಯ ಪಾಠದ ರೀತಿಯನ್ನೇ ಬದಲಿಸಿ ಮುಗಿಸಿದ್ದರು.

ಪದವಿ ಸಿಗದ ಅಸಾವಾ 1946ರಲ್ಲಿ ನಾರ್ತ್ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜು ಸೇರಿದರು. ಅಲ್ಲಿ ಗುರು ಜೋಸೆಫ್ ಆಲ್ಬರ್ಸ್. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಣ್ಣಕ್ಕೆ ಕಾಸಿಲ್ಲದೆ ವೈಮಾರ್ ಊರಿನ ತಿಪ್ಪೆಯಿಂದ ಒಡೆದ ಬಾಟಲಿ ಗಾಜು ಆರಿಸಿ ತಂದು ಚಿತ್ರ ಮಾಡಿದ ಮನುಷ್ಯ. ನಾಜಿಗಳ ಕಾಲದಲ್ಲಿ ಅಮೆರಿಕಕ್ಕೆ ಬಂದು ತನ್ನ ವಿದ್ಯಾರ್ಥಿಗಳಿಗೂ ಒಣ ಎಲೆ, ಮೊಟ್ಟೆ ಸಿಪ್ಪೆ ಇಟ್ಟುಕೊಂಡೇ ಪಾಠ ಮಾಡುತ್ತಿದ್ದರು. ಯಾವ ವಸ್ತು ಏನು ಮಾಡಬಲ್ಲದು, ಯಾವುದಕ್ಕೆ ಒಗ್ಗುವುದಿಲ್ಲ ಎಂದು ಕೈಯಿಂದಲೇ ಕಂಡುಕೊಳ್ಳಬೇಕು ಎಂಬುದು ಅವರ ಹಟ. ಕಾಲೇಜಿನ ಲಾಂಡ್ರಿಯಲ್ಲಿ ದುಡಿಯುತ್ತಿದ್ದ ಅಸಾವಾ, ಬಟ್ಟೆಗೆ ಗುರುತು ಒತ್ತುವ ‘ಬಿಎಂಸಿ’ ಎಂಬ ರಬ್ಬರ್ ಮುದ್ರೆಯನ್ನೇ ಕಾಗದದ ಮೇಲೆ ಮತ್ತೆ ಮತ್ತೆ ಒತ್ತಿ ಅಲೆ ಅಲೆಯಾದ ವಿನ್ಯಾಸ ತೆಗೆದರು. ಅವು ಈಗ ಮ್ಯೂಸಿಯಂ ವಸ್ತು.

ಹೀಗೆ ವೈಮಾರ್‌ನ ತಿಪ್ಪೆಯಿಂದ ಆಲ್ವರಾಡೊ ಶಾಲೆಯ ಮೊಟ್ಟೆ ತಟ್ಟೆಯವರೆಗೆ ಒಂದು ಗುರುಪರಂಪರೆಯೇ ಇದೆ. ಬಡತನಕ್ಕೆ ತೇಪೆ ಹಾಕುವ ಉಪಾಯವಾಗಿ ಅದು ಬಂದದ್ದಲ್ಲ. ಅಗ್ಗದ ವಸ್ತುವಿಗೆ ದುಬಾರಿ ವಸ್ತುವಿಗಿಲ್ಲದ ಒಂದು ಗುಣವಿದೆ: ಹಾಳಾದರೆ ಹೋಗಲಿ ಎನ್ನಬಹುದು. ನಮ್ಮ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ಡಿನ ನೆನಪಿದ್ದವರಿಗೆ ಇದು ಬೇಗ ಹೊಳೆಯುತ್ತದೆ. ವರ್ಷಕ್ಕೊಮ್ಮೆ ಸಿಗುತ್ತಿದ್ದ ದಪ್ಪ ಹಾಳೆ, ಅದರ ಮೇಲೆ ಗೆರೆ ತಪ್ಪಿದರೆ ಬೈಗುಳ. ಮಗುವಿನ ಗಮನವೆಲ್ಲ ಹಾಳೆ ಉಳಿಸುವುದರ ಮೇಲೆಯೇ. ಮೈದಾ ಹಿಟ್ಟಿನಲ್ಲಿ ಮಾಡಿದ ಕುದುರೆಗೆ ಕಾಲು ನಿಲ್ಲದಿದ್ದರೆ ಮುದ್ದೆ ಮಾಡಿ ಮತ್ತೆ ಶುರುಮಾಡಬಹುದು. ಹತ್ತು ಸಲ ಕೆಡಿಸುವಷ್ಟು ಸಾಮಗ್ರಿ ಇದ್ದಾಗ ಮಾತ್ರ ಕೈ ಪಳಗುತ್ತದೆ. ದಾನದ ಸಾಮಗ್ರಿಯಿಂದ ಕಲಾಪಾಠಕ್ಕೆ ನಿಜವಾಗಿ ಸಿಗುವುದು ಈ ಧಾರಾಳ.

ಆದರೆ ಅಸಾವಾ ಬರೀ ಡಬ್ಬಿ ಸುರಿದು ಹೋಗಲಿಲ್ಲ. ಕೆಲಸ ಬಲ್ಲವರೇ ತರಗತಿಗೆ ಬರಬೇಕು ಎಂದು ಪಟ್ಟು ಹಿಡಿದರು. ಶಿಲ್ಪಿ, ಕುಂಬಾರ, ಸಂಗೀತಗಾರ, ನೃತ್ಯಗಾರ, ಕೊನೆಗೆ ತೋಟದ ಕೆಲಸ ಬಲ್ಲವರೂ ಬಂದರು. ಗಿಡ ನೆಡುವುದೂ ಅವರ ಲೆಕ್ಕದಲ್ಲಿ ಕಲೆಯ ಪಾಠವೇ. ಅಪ್ಪ ಅಮ್ಮಂದಿರು ಕೂತು ಜೊತೆಗೆ ಕೆಲಸ ಮಾಡಿದರು. ಶಾಲೆಯ ಗೋಡೆಯ ಮೇಲೆ ಮಕ್ಕಳು ಬಣ್ಣದ ಹರಳು ಕೂರಿಸಿ ಮೊಸಾಯಿಕ್ ಭಿತ್ತಿಚಿತ್ರ ಮಾಡಿದರು. ಇದೆಲ್ಲ ಪುಕ್ಕಟೆ ಸೇವೆಯಿಂದಲೇ ನಡೆಯಲಿ ಎಂದು ಯಾರೂ ಕಾಯಲಿಲ್ಲ. ನಿರುದ್ಯೋಗಿಗಳಿಗೆ ಕೆಲಸ ಕೊಡಲು ಕೇಂದ್ರ ಸರ್ಕಾರ 1973ರಲ್ಲಿ ತಂದ ‘ಸೀಟಾ’ ಕಾಯ್ದೆಯ ಹಣ ಕಲಾವಿದರಿಗೂ ಸಲ್ಲಬೇಕೆಂದು ದಾರಿ ಹುಡುಕಿದ ಮೊದಲ ನಗರಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದು. ಆ ಸಂಬಳದ ಮೇಲೆ ಕಲಾವಿದರು ಶಾಲೆಗಳಿಗೆ ಬಂದರು. ಏರಿಕೆಯ ಕಾಲದಲ್ಲಿ ಈ ವರ್ಕ್‌ಶಾಪ್ ನಗರದ ಸುಮಾರು 50 ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತಿತ್ತು.

ಹಿಟ್ಟಿನ ಕೆಲಸ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಊರ ನಡುವೆಯೇ ಸಾಕ್ಷಿ ಇದೆ. ಯೂನಿಯನ್ ಸ್ಕ್ವೇರ್ ಪಕ್ಕದ ಹಯಾತ್ ಹೋಟೆಲಿನವರು ಕಾರಂಜಿ ಬೇಕೆಂದಾಗ ಅಸಾವಾ ದೊಡ್ಡವರೂ ಶಾಲಾಮಕ್ಕಳೂ ಸೇರಿ ನೂರಾರು ಜನರನ್ನು ಒಟ್ಟುಗೂಡಿಸಿದರು. ಗೋಲ್ಡನ್ ಗೇಟ್ ಸೇತುವೆ, ಕೇಬಲ್ ಕಾರು, ಚೈನಾಟೌನು, ಗುಡ್ಡದ ಮೇಲಿನ ಮನೆಸಾಲು, ಹೀಗೆ ಇಡೀ ಊರನ್ನು ಮೈದಾ ಹಿಟ್ಟಿನಲ್ಲಿ ಮಾಡಿ, ಅದರಿಂದ ಅಚ್ಚು ತೆಗೆದು ಕಂಚಿನಲ್ಲಿ ಎರಕ ಹೊಯ್ದರು. 1973ರಲ್ಲಿ ಕಾರಂಜಿ ಸಿದ್ಧವಾಯಿತು. ಹತ್ತಿರ ಹೋಗಿ ನೋಡಿದರೆ ಕಂಚಿನಲ್ಲೂ ಬೆರಳಲ್ಲಿ ಅದುಮಿದ ಹಿಟ್ಟಿನ ಸ್ವಭಾವ ಗೊತ್ತಾಗುತ್ತದೆ. 2013ರಲ್ಲಿ ಅದೇ ಜಾಗದಲ್ಲಿ ಆಪಲ್ ಕಂಪನಿ ಅಂಗಡಿ ಕಟ್ಟಲು ಹೊರಟಾಗ ಮೊದಲ ನಕ್ಷೆಯಲ್ಲಿ ಈ ಕಾರಂಜಿಯೇ ಇರಲಿಲ್ಲ. ಊರಿನವರು ಗಲಾಟೆ ಮಾಡಿದರು, ನಕ್ಷೆ ಬದಲಾಯಿತು. 2016ರಲ್ಲಿ ಅಂಗಡಿ ತೆರೆದಾಗ ಕಾರಂಜಿ ಉಳಿದಿತ್ತು. ಅಸಾವಾ ಅದನ್ನು ನೋಡಲಿಲ್ಲ. 2013ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು.

ಒಂದು ಶಾಲೆಗೆ ಸಾಮಗ್ರಿ ಕೂಡಿಸುವುದು ತಾಯಂದಿರಿಂದ ಆದೀತು. ಹತ್ತಾರು ಶಾಲೆಗಳಾದಾಗ ಉಗ್ರಾಣ ಬೇಕು. 1976ರಲ್ಲಿ ಆನ್ ಮೇರಿ ಥೈಲೆನ್ ಮತ್ತು ಅಸಾವಾ ಸೇರಿ ‘ಸ್ಕ್ರ್ಯಾಪ್’ ಎಂಬ ಸಂಸ್ಥೆ ಹುಟ್ಟುಹಾಕಿದರು. ಕಾರ್ಖಾನೆ, ಹೊಲಿಗೆ ಅಂಗಡಿ, ವಿನ್ಯಾಸಕಾರರ ಕಚೇರಿ, ಮನೆ ಖಾಲಿ ಮಾಡುವವರು, ಎಲ್ಲರಿಂದಲೂ ಮಿಕ್ಕದ್ದು ಅಲ್ಲಿಗೆ ಬರುತ್ತದೆ. ಬಟ್ಟೆಯ ತುಂಡು, ಗುಂಡಿ, ಚೌಕಟ್ಟು, ಟೈಲ್ಸ್ ಮಾದರಿ, ಕಾಗದದ ಸುರುಳಿ, ಬಾಟಲಿ ಬಿರಡೆ. ಬಂದದ್ದನ್ನು ಸ್ವಯಂಸೇವಕರು ವಿಂಗಡಿಸುತ್ತಾರೆ. ಸಾರ್ವಜನಿಕರಿಗೆ ಕಡಿಮೆ ಬೆಲೆಗೆ ಮಾರುತ್ತಾರೆ, ಶಿಕ್ಷಕರಿಗಾಗಿ ಬಿಟ್ಟಿ ವಿತರಣೆ ಏರ್ಪಡಿಸುತ್ತಾರೆ.

ವಿಂಗಡಣೆ ಎಂದೆನಲ್ಲ, ಈ ಕೆಲಸದ ಜೀವ ಇರುವುದೇ ಅಲ್ಲಿ. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು ನಮ್ಮಲ್ಲಿ ಪಡೆದವರನ್ನು ಹಂಗಿಸುವುದುಂಟು. ಶಾಲೆಗೆ ಬರುವ ದಾನದ ಮಟ್ಟಿಗೆ ಮೊಳ ಹಾಕಿಯೇ ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೊಡುವವರು ಮನೆ ಗುಡಿಸುವ ದಿನವೇ ಉದಾರಿಗಳಾಗುತ್ತಾರೆ. ಒಣಗಿದ ಸ್ಕೆಚ್ ಪೆನ್ನು, ಗಡ್ಡೆ ಕಟ್ಟಿದ ಬಣ್ಣ, ಅರ್ಧ ತುಂಡಾದ ಕ್ರೇಯಾನ್ ಎಲ್ಲವೂ ಬಡ ಶಾಲೆಗೆ ಆದೀತು ಎನ್ನಿಸುತ್ತದೆ. ತರಗತಿಯಲ್ಲಿ ಮೂವತ್ತು ಮಕ್ಕಳಿರುವ ಶಿಕ್ಷಕಿಗೆ ಚಂದದ ಒಂದು ವಸ್ತುವಿನಿಂದ ಪ್ರಯೋಜನವಿಲ್ಲ. ಒಂದೇ ಬಗೆಯ ಮೂವತ್ತು ಬೇಕು. ಅದನ್ನು ಕೂಡಿಸಿಕೊಡುವ ಉಗ್ರಾಣ ನಡುವೆ ಇಲ್ಲದಿದ್ದರೆ ದಾನವೆಂಬುದು ಶಾಲೆಯ ಮೂಲೆಯಲ್ಲಿ ಧೂಳು ತಿನ್ನುವ ರಟ್ಟಿನ ಪೆಟ್ಟಿಗೆಯಾಗಿ ಉಳಿಯುತ್ತದೆ.

ನ್ಯೂಯಾರ್ಕ್ ಇದನ್ನು ನಗರಾಡಳಿತದ ಕೆಲಸವನ್ನಾಗಿಯೇ ಮಾಡಿಕೊಂಡಿತು. ಅಲ್ಲಿನ ಸಂಸ್ಕೃತಿ ಇಲಾಖೆಯಲ್ಲಿದ್ದ ಕಲಾವಿದೆ ಏಂಜೆಲಾ ಫ್ರೆಮಾಂಟ್ 1978ರಲ್ಲಿ ಶುರುಮಾಡಿದ ‘ಮೆಟೀರಿಯಲ್ಸ್ ಫಾರ್ ದಿ ಆರ್ಟ್ಸ್’ ಈಗ ಕ್ವೀನ್ಸ್ ಭಾಗದ ದೊಡ್ಡ ಉಗ್ರಾಣದಲ್ಲಿದೆ. ಸಂಸ್ಕೃತಿ ಇಲಾಖೆಯ ಜೊತೆ ಶಿಕ್ಷಣ ಇಲಾಖೆಯೂ ನೈರ್ಮಲ್ಯ ಇಲಾಖೆಯೂ ಅದಕ್ಕೆ ಹೆಗಲು ಕೊಡುತ್ತವೆ. ಕಸದ ಇಲಾಖೆಗೆ ಅಷ್ಟು ಕಸ ಕಡಿಮೆಯಾದ ಲಾಭ, ಶಾಲೆಗೆ ಸಾಮಗ್ರಿಯ ಲಾಭ. ಸರ್ಕಾರಿ ಶಾಲೆಯ ಶಿಕ್ಷಕರು ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಿ ಬೇಕಾದ್ದನ್ನು ಗಾಡಿಗೆ ತುಂಬಿಕೊಂಡು ಬರಬಹುದು, ಕಾಸು ಕೊಡಬೇಕಿಲ್ಲ. ಬದಲಿಗೆ ಕೊಟ್ಟವರಿಗೊಂದು ಧನ್ಯವಾದ ಪತ್ರ ಬರೆಯಬೇಕು.

ಸ್ಯಾನ್ ಫ್ರಾನ್ಸಿಸ್ಕೊದ ಕಥೆ ಅಷ್ಟು ಸುಸೂತ್ರವಾಗಿ ಸಾಗಲಿಲ್ಲ. 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರಾಪೊಸಿಷನ್ 13’ ಎಂಬ ಜನಮತದ ಪ್ರಸ್ತಾವವನ್ನು ಒಪ್ಪಿದರು. ಆಸ್ತಿ ತೆರಿಗೆ ಬೆಲೆಯ ಶೇ 1ಕ್ಕಿಂತ ಹೆಚ್ಚಬಾರದು ಎಂದಾಯಿತು. ಶಾಲೆಗಳು ನಡೆಯುತ್ತಿದ್ದುದೇ ಬಹುಪಾಲು ಆ ತೆರಿಗೆಯಿಂದ. ಕತ್ತರಿ ಬಿದ್ದಾಗ ಮೊದಲು ಹೋಗುವುದು ಯಾವ ಪೀರಿಯಡ್ಡು ಎಂದು ಯಾವ ದೇಶದ ಮೇಷ್ಟರೂ ಹೇಳಬಲ್ಲರು. ನಾಲ್ಕೈದು ವರ್ಷಗಳಲ್ಲಿ ಸೀಟಾ ಕಾಯ್ದೆಯೂ ಮುಗಿಯಿತು. ಉಗ್ರಾಣ ತುಂಬಿತ್ತು, ತರಗತಿಗೆ ಬರುವ ಕಲಾವಿದರಿಗೆ ಸಂಬಳ ಇರಲಿಲ್ಲ. ದಾನದ ಮಿತಿ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಬೇರೆ ಸಿಗಲಾರದು. ಡಬ್ಬಿಯನ್ನು ಯಾರಾದರೂ ಕೊಟ್ಟಾರು, ಡಬ್ಬಿಯ ಮುಂದೆ ವಾರವಾರವೂ ಮಗುವಿನ ಜೊತೆ ಕೂರುವವರನ್ನು ದಾನವಾಗಿ ಬಹಳ ದಿನ ಪಡೆಯಲಾಗುವುದಿಲ್ಲ.

ಅಸಾವಾ ಅದೇ ಹೊತ್ತಿನಲ್ಲಿ ಇನ್ನೊಂದು ಕಡೆಯಿಂದ ನೂಕಿದರು. ಅವರ ಒತ್ತಾಯದಿಂದ 1982ರಲ್ಲಿ ನಗರದಲ್ಲಿ ಕಲೆಗಾಗಿಯೇ ಒಂದು ಸರ್ಕಾರಿ ಹೈಸ್ಕೂಲು ಬಂತು. ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳನ್ನು ಸಾಮಾನ್ಯ ಪಾಠಗಳ ಜೊತೆಗೇ ಕಲಿಯುವ ಶಾಲೆ. 2010ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು.

ಹಣದ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾ ಮತ್ತೆ ಕೈಗೆತ್ತಿಕೊಂಡದ್ದು 2022ರ ನವೆಂಬರ್‌ನಲ್ಲಿ, ‘ಪ್ರಾಪೊಸಿಷನ್ 28’ ಮೂಲಕ. ಸಾರ್ವಜನಿಕ ಶಾಲೆಗಳ ಕಲೆ ಮತ್ತು ಸಂಗೀತಕ್ಕೆಂದು ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಬೇರೆಯಾಗಿ ತೆಗೆದಿಡಬೇಕು ಎಂದು ಮತದಾರರೇ ಗೊತ್ತುಮಾಡಿದರು. ಅದರೊಳಗೊಂದು ಷರತ್ತಿದೆ: 500 ಅಥವಾ ಹೆಚ್ಚು ಮಕ್ಕಳಿರುವ ಶಾಲಾ ಜಿಲ್ಲೆಗಳು ಹಣದ ಕನಿಷ್ಠ ಶೇ 80ರಷ್ಟನ್ನು ಕಲಿಸುವ ಜನರ ಸಂಬಳಕ್ಕೇ ಬಳಸಬೇಕು. ಸಾಮಗ್ರಿ, ತರಬೇತಿ ಇತ್ಯಾದಿಗೆ ಉಳಿದದ್ದರಲ್ಲಿ ಪಾಲು. ಆದರೆ ಹೊಸ ಹಣವನ್ನು ಹಳೆಯ ಖರ್ಚಿಗೇ ಹಾಕಿಕೊಳ್ಳಲಾಗುತ್ತಿದೆ ಎಂಬ ದೂರು ಎದ್ದು, ಲಾಸ್ ಏಂಜಲೀಸ್‌ನಲ್ಲಿ ಅದು ಕೋರ್ಟಿನ ಮೆಟ್ಟಿಲು ಹತ್ತಿದೆ. ಸ್ಕ್ರ್ಯಾಪ್‌ನ ಉಗ್ರಾಣಕ್ಕೆ ಈಗಲೂ ಶಿಕ್ಷಕರು ಚೀಲ ಹಿಡಿದು ಬರುತ್ತಿದ್ದಾರೆ.