ಮಹಾಬಳೇಶ್ವರ ಶಿಖರವೂ ಕೃಷ್ಣಾ ಕೊಳ್ಳದ ಐದು ತಾಲೂಕುಗಳೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ—ಈ ಐದು ತಾಲೂಕುಗಳ ಇತಿಹಾಸವನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಶಾಸನಗಳನ್ನೂ ಬಖರುಗಳನ್ನೂ ಕಂದಾಯದ ದಫ್ತರಗಳನ್ನೂ ಅವಲಂಬಿಸುವರು. ಇವುಗಳೊಡನೆ ದೂರದ ಒಂದು ಪರ್ವತಶಿಖರದ ಸ್ವರೂಪವನ್ನೂ ಅರಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಅದು ಕೃಷ್ಣೆಯ ಉಗಮಸ್ಥಾನವಾದ ಮಹಾಬಳೇಶ್ವರ.

ಸಾತಾರಾ ಜಿಲ್ಲೆಯಲ್ಲಿ ಸಹ್ಯಾದ್ರಿಯ ನೆತ್ತಿಯ ಮೇಲಿರುವ ಈ ಪ್ರಸ್ಥಭೂಮಿಯ ಅತ್ಯುನ್ನತ ಸ್ಥಾನವು ಸಮುದ್ರಮಟ್ಟದಿಂದ 1,438 ಮೀಟರು, ಎಂದರೆ ಸುಮಾರು 4,700 ಅಡಿ, ಎತ್ತರದಲ್ಲಿದೆ. ಕೊಂಕಣದ ಕಡೆಗೆ ಇದು ಗೋಡೆಯಂತೆ ಕಡಿದಾಗಿ ಇಳಿಯುತ್ತದೆ. ಪೂರ್ವಕ್ಕೆ ಕಣಿವೆಗಳಾಗಿ ಕ್ರಮೇಣ ತಗ್ಗುತ್ತದೆ. ಇಲ್ಲಿ ಹುಟ್ಟುವ ಸಾವಿತ್ರಿಯು ಪಶ್ಚಿಮಕ್ಕೆ ಇಳಿದು ಅರಬ್ಬೀ ಸಮುದ್ರವನ್ನು ಸೇರುವುದು. ಕೃಷ್ಣೆಯಾದರೋ ಹತ್ತಿರದ ಕಡಲಿಗೆ ಬೆನ್ನುಮಾಡಿ, ಸುಮಾರು 1,400 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು ಸೇರುವಳು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರಪದರವಾಗಿ ಹೆಪ್ಪುಗಟ್ಟಿ ಈ ಶಿಖರದ ಬಸಾಲ್ಟ್ ಶಿಲೆಯಾಯಿತು. ಅದರ ಮೇಲುಭಾಗವು ಮಳೆಬಿಸಿಲುಗಳಿಗೆ ಶಿಥಿಲವಾಗಿ ಜಂಬಿಟ್ಟಿಗೆಯ ರೂಪ ತಾಳಿದೆ. ರಂಧ್ರಮಯವಾದ ಈ ಕೆಂಪು ಹೊದಿಕೆ ನೀರನ್ನು ಹೀರುತ್ತದೆ. ಅಡಿಯ ಗಟ್ಟಿ ಶಿಲೆ ಅದನ್ನು ತಡೆಯುತ್ತದೆ. ತಡೆದ ನೀರು ಅಂಚುಗಳಲ್ಲಿ ಒರತೆಯಾಗಿ ಹೊಮ್ಮುತ್ತದೆ. ನಮ್ಮ ತಾಲೂಕುಗಳ ನೆಲದಡಿಯಲ್ಲಿಯೂ ಹಬ್ಬಿರುವುದು ಇದೇ ಶಿಲಾಸಮೂಹ. ಇಲ್ಲಿಯ ಎರೆಮಣ್ಣು ಆ ಶಿಲೆಯೇ ಸವೆದು ಆದುದು.

ಶಿಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ನೈಋತ್ಯ ಮಾರುತಗಳು ಸಹ್ಯಾದ್ರಿಗೆ ತಾಗಿ ಮೇಲೇರುವುದರಿಂದ ಶಿಖರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿ ಮಳೆಗಾಲಕ್ಕೆ ಮುನ್ನ ಮನೆಯ ಗೋಡೆಗಳಿಗೆ ಹುಲ್ಲಿನ ತಡಿಕೆ ಕಟ್ಟುವ ವಾಡಿಕೆಯಿತ್ತು. ಪೂರ್ವಕ್ಕೆ 30 ಕಿಲೋಮೀಟರು ಸರಿದು ವಾಯಿಗೆ ಬರುವಷ್ಟರಲ್ಲಿ ಮಳೆ 1,000 ಮಿಲಿಮೀಟರಿಗಿಂತಲೂ ಇಳಿಯುತ್ತದೆ. ಮಳೆಯ ನೆರಳಿನಲ್ಲಿರುವ ಅಥಣಿಗೆ ದೊರೆಯುವುದು ಶಿಖರದ ಮಳೆಯ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ.

ಆದಕಾರಣ ನಮ್ಮ ಹೊಳೆಯ ನೀರು ಬಹುಮಟ್ಟಿಗೆ ನಮ್ಮ ಮಳೆಯದಲ್ಲ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗೆ ಕೂಡಿದ ಮೇಲೆ ಕೃಷ್ಣೆ ಕರ್ನಾಟಕವನ್ನು ಪ್ರವೇಶಿಸುತ್ತದೆ. ನಿಪ್ಪಾಣಿ ಭಾಗದ ವೇದಗಂಗೆಯೂ ಸಹ್ಯಾದ್ರಿಯ ಮಳೆಯನ್ನೇ ಹೊತ್ತು ದೂಧಗಂಗೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. 2021ರ ಜುಲೈ 22-23ರಲ್ಲಿ ಮಹಾಬಳೇಶ್ವರದಲ್ಲಿ 24 ಗಂಟೆಗಳೊಳಗೆ ಸುಮಾರು 594 ಮಿಲಿಮೀಟರು ಮಳೆ ಸುರಿಯಿತು. ಅಥಣಿಯ ಒಂದು ವರ್ಷದ ಮಳೆ ಶಿಖರದಲ್ಲಿ ಒಂದೇ ದಿನದಲ್ಲಿ ಬಿದ್ದಂತಾಯಿತು! 2005, 2019, 2021ರ ಮಹಾಪೂರಗಳಲ್ಲಿ ನದೀತೀರದ ಜನರು ಮನೆಮಠ ತೊರೆಯಬೇಕಾಯಿತು. ಅದೇ ಅಥಣಿ ತಾಲೂಕಿನ ಪೂರ್ವಭಾಗದ ರೈತರಿಗಾದರೋ ಮುಗಿಲು ನೋಡುವ ಕಷ್ಟ ತಪ್ಪಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಗೆ ಪೂರ್ವದಲ್ಲಿ ಈ ಶಿಖರವೂ ಈ ತಾಲೂಕುಗಳೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಇಂದು ಮಳೆಯನ್ನು ಅಳೆಯುವುದು ಒಂದು ರಾಜ್ಯದಲ್ಲಿ, ಪೂರವನ್ನು ಎದುರಿಸುವುದು ಇನ್ನೊಂದರಲ್ಲಿ. ಆದುದರಿಂದ ತೀರದ ಗುಡಿಗೋಡೆಗಳ ಮೇಲಿನ ಪೂರದ ಗುರುತುಗಳನ್ನೂ, ಹಳೆಯ ಊರು ಬಿಟ್ಟು ಎತ್ತರಕ್ಕೆ ನೆಲೆಸಿದ ಗ್ರಾಮಗಳ ವೃತ್ತಾಂತಗಳನ್ನೂ ಸಂಗ್ರಹಿಸಿ, ಶಿಖರದ ಮಳೆಯ ಲೆಕ್ಕಗಳೊಡನೆ ಹೋಲಿಸಿ ನೋಡಬೇಕು. ಪೂರವನ್ನು ಕಂಡ ಹಿರಿಯರು ನಮ್ಮೊಡನೆ ಇರುವಾಗಲೇ ಈ ಕಾರ್ಯವು ನಡೆಯತಕ್ಕದ್ದು.