ಅಡಿಗೆಮನೆಯ ಕಪಾಟಿನಲ್ಲಿ ಸ್ಥಳ ಹೆಚ್ಚಿಸುವುದು ಹೇಗೆ?

ಸುಗ್ಗಿ ಮುಗಿದು ರಾಗಿ, ಜೋಳ, ತೊಗರಿ, ಹುರುಳಿ ಮನೆಗೆ ಬಂದ ಮೇಲೆ ಒಕ್ಕಲುಮನೆಯ ಗೃಹಿಣಿಗೆ ಎದುರಾಗುವ ಪ್ರಶ್ನೆ, ಇವನ್ನೆಲ್ಲ ಎಲ್ಲಿಡುವುದು ಎಂಬುದು. ಮೂಟೆಗಳು ಉಗ್ರಾಣದಲ್ಲೋ ನಡುಮನೆಯ ಮೂಲೆಯಲ್ಲೋ ಉಳಿಯುತ್ತವೆ. ಆದರೆ ದಿನಬಳಕೆಗೆ ತೆಗೆದಿಟ್ಟ ಬೇಳೆ, ಹಿಟ್ಟು, ಮೆಣಸಿನಕಾಯಿ, ಹುಣಿಸೆಹಣ್ಣು, ಎಣ್ಣೆ, ಜೊತೆಗೆ ಪಾತ್ರೆ ಪಡಗಗಳು ಅಡಿಗೆಮನೆಗೇ ಬರಬೇಕು. ಜಾಗ ಸಾಲದೆಂದು ಹೊಸ ಕಪಾಟು ಮಾಡಿಸಲು ಹೊರಡುವ ಮುನ್ನ, ಇರುವ ಕಪಾಟಿನ ಒಳಗನ್ನು ಒಮ್ಮೆ ಅಳೆದು ನೋಡುವುದು ಲೇಸು.

ಸಿಮೆಂಟಿನ ಅಡಿಗೆ ಕಟ್ಟೆ, ಅದರ ಕೆಳಗೆ ಕಡಪ ಕಲ್ಲನ್ನು ನಿಲ್ಲಿಸಿ ಮಾಡಿದ ಗೂಡುಗಳು, ಮುಂದೆ ಪ್ಲೈವುಡ್ ಬಾಗಿಲು, ಈ ಬಗೆಯ ಅಡಿಗೆಮನೆ ಈಗ ಹಳ್ಳಿಗಳಲ್ಲಿಯೂ ಸಾಮಾನ್ಯ. 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, 70 ಸೆಂ.ಮೀ. ಎತ್ತರದ ಒಂದು ಗೂಡನ್ನು ತೆಗೆದುಕೊಳ್ಳೋಣ. ಅದರ ಒಳಗಿನ ಗಾತ್ರ 252 ಲೀಟರು. ಅದರಲ್ಲಿ ಮುಂದಿನ ಸಾಲಿನಲ್ಲಿ 25 ಸೆಂ.ಮೀ. ಎತ್ತರದವರೆಗೆ ಡಬ್ಬಿಗಳನ್ನು ಜೋಡಿಸಿ, ಹಿಂದಿನ ಅರ್ಧವನ್ನು ಕೈಗೆ ಎಟುಕದೆಂದು ಬಿಟ್ಟರೆ ಉಪಯೋಗಕ್ಕೆ ಬರುವುದು 45 ಲೀಟರು ಮಾತ್ರ. ಐದರಲ್ಲಿ ಒಂದು ಪಾಲೂ ಇಲ್ಲ. ಉಳಿದುದು ಗಾಳಿ, ಕತ್ತಲು ಮತ್ತು ಜಿರಲೆಗಳ ಪಾಲು. ಅದೇ ಕತ್ತಲಿನ ಹಿಂಬದಿಯಲ್ಲಿ ಮರೆತುಹೋದ ಹೆಸರುಕಾಳಿನ ಡಬ್ಬಿಯೊಂದು ಹುಳುವಿನ ತವರಾಗಿ, ಅಲ್ಲಿಂದ ಅಕ್ಕಪಕ್ಕದ ಡಬ್ಬಿಗಳಿಗೆ ಹುಳು ಹರಡುತ್ತದೆ. ಆದ್ದರಿಂದ ಸ್ಥಳ ಹೆಚ್ಚಿಸುವ ಕೆಲಸವೆಂದರೆ ಮುಖ್ಯವಾಗಿ ಹಿಂದಿನ ಅರ್ಧ ಮತ್ತು ಮೇಲಿನ ಅರ್ಧವನ್ನು ಕಣ್ಣಿಗೆ ಮತ್ತು ಕೈಗೆ ತರುವ ಕೆಲಸ. ಗರಗಸ, ಸುತ್ತಿಗೆ, ಕೈಬೈರಿಗೆ ಹಿಡಿಯಬಲ್ಲ ಯಾರೇ ಆದರೂ ಬಿಡುವಿನ ದಿನಗಳಲ್ಲಿ ಇದನ್ನು ಮಾಡಿಕೊಳ್ಳಬಹುದು.

ಮೊದಲು ಅಳತೆ

ಅಳತೆಯನ್ನು ಅಡಿಗೆ ಮಾಡುವವರನ್ನು ನಿಲ್ಲಿಸಿಕೊಂಡು ತೆಗೆಯಬೇಕು. ಬಡಗಿಯ ಎತ್ತರಕ್ಕೋ ಮನೆಯ ಯಜಮಾನನ ಎತ್ತರಕ್ಕೋ ಹಲಗೆ ಹೊಡೆಸಿ, ಆಮೇಲೆ ಗೃಹಿಣಿ ಸ್ಟೂಲು ಹತ್ತಿ ಇಳಿಯುವುದು ಬಹಳ ಕಡೆ ಕಾಣುವ ಸಂಗತಿ. ಅವರು ನೆಲದ ಮೇಲೆ ನಿಂತು ಕೈಯೆತ್ತಿದಾಗ ಅಂಗೈ ಸಲೀಸಾಗಿ ಮುಟ್ಟುವ ಎತ್ತರವೇ ದಿನಬಳಕೆಯ ಹಲಗೆಯ ಮೇಲಿನ ಮಿತಿ. ಮೊಣಕಾಲಿನಿಂದ ಭುಜದವರೆಗಿನ ಜಾಗ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅಲ್ಲಿ ಪ್ರತಿದಿನ ಕೈಗೆ ಬೇಕಾದ ಸಾಮಾನು ಮಾತ್ರ ಇರಬೇಕು. ಹಬ್ಬಕ್ಕೆ, ಮದುವೆಗೆ ಇಳಿಸುವ ಕೊಳದಪ್ಪಲೆ ಅಲ್ಲಿ ಕುಳಿತಿದ್ದರೆ ಮೊದಲು ಅದನ್ನು ಅಟ್ಟಕ್ಕೆ ಏರಿಸಬೇಕು. ಖರ್ಚಿಲ್ಲದೆ ಸಿಗುವ ಮೊದಲ ಜಾಗ ಇದೇ.

ಗೂಡಿನ ಅಗಲವನ್ನು ಮುಂದೆ, ನಡುವೆ, ಹಿಂದೆ ಹೀಗೆ ಮೂರು ಕಡೆ ಅಳೆಯಬೇಕು. ಕಡಪ ಕಲ್ಲು ನೂಲು ಹಿಡಿದಂತೆ ನಿಂತಿರುವುದು ಅಪರೂಪ. ಮುಂದೆ ಮರದ ಚೌಕಟ್ಟು ಇದ್ದರೆ ಬಾಯಿಯ ಅಗಲ ಒಳಗಿನ ಅಗಲಕ್ಕಿಂತ ಕಡಿಮೆ ಇರುತ್ತದೆ. ಈ ಅಳತೆಗಳಲ್ಲಿ ಅತಿ ಕಡಿಮೆ ಇರುವುದನ್ನೇ ಹಿಡಿದು, ಅದರಲ್ಲಿಯೂ 1 ಸೆಂ.ಮೀ. ಕಳೆದು ಸಾಮಾನು ಕೊಯ್ಯಬೇಕು.

ಮೆಟ್ಟಿಲು ಮಣೆ

ಎಲ್ಲಕ್ಕಿಂತ ಸುಲಭವಾದದ್ದು ಇದು. ದಸರಾ ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸುವುದರಿಂದಲೇ ಹಿಂದಿನ ಗೊಂಬೆಯೂ ಕಾಣುತ್ತದೆ. ಅದೇ ಉಪಾಯವನ್ನು ಕಪಾಟಿಗೆ ತರಬಹುದು. 25 ಸೆಂ.ಮೀ. ಅಗಲದ ಹಲಗೆಗೆ ಎರಡು ತುದಿಯಲ್ಲೂ ಅದೇ ಹಲಗೆಯ ತುಂಡುಗಳನ್ನು ಕಾಲಾಗಿ ಹೊಡೆದು, ಗೂಡಿನ ಹಿಂಬದಿಗೆ ನೂಕಿ ನಿಲ್ಲಿಸಿದರೆ ಆಯಿತು. ಕಾಲಿನ ಎತ್ತರ 20 ಸೆಂ.ಮೀ. ಇದ್ದರೆ ಮಣೆಯ ಮೇಲೆ ಒಂದು ಸಾಲು, ಮಣೆಯ ಕೆಳಗೆ ಅಪರೂಪಕ್ಕೆ ಬೇಕಾಗುವ ಒಂದು ಸಾಲು, ಮುಂದೆ ಒಂದು ಸಾಲು ಹೀಗೆ ಮೂರು ಸಾಲು ಹಿಡಿಯುತ್ತವೆ. ಕಲ್ಲಿಗೆ ಮೊಳೆ ಹೊಡೆಯುವ ಕಷ್ಟವಿಲ್ಲ. ತೊಳೆಯಲು ಹೊರಗೆ ತೆಗೆಯಬಹುದು.

ಹಲಗೆಯ ದಪ್ಪದ ವಿಷಯದಲ್ಲಿ ಜಿಪುಣತನ ಸಲ್ಲದು. ಒಂದೇ ಬಗೆಯ ಮರದಲ್ಲಿ 12 ಮಿ.ಮೀ. ಹಲಗೆಗಿಂತ 18 ಮಿ.ಮೀ. ಹಲಗೆ ಬಾಗುವಿಕೆಯನ್ನು ಮೂರು ಪಟ್ಟಿಗೂ ಹೆಚ್ಚು ತಡೆಯುತ್ತದೆ. ಉದ್ದದ ಪರಿಣಾಮ ಇನ್ನೂ ಜೋರು. ಹಲಗೆಯುದ್ದಕ್ಕೂ ಒಂದೇ ಸಮನೆ ಡಬ್ಬಿ ಇಟ್ಟಿದ್ದಾಗ, ಆಸರೆಗಳ ನಡುವಿನ ಅಂತರವನ್ನು ಎರಡು ಪಟ್ಟು ಮಾಡಿದರೆ ಬಾಗು ಹದಿನಾರು ಪಟ್ಟಾಗುತ್ತದೆ. ಆದಕಾರಣ ಕಾಳಿನ ಡಬ್ಬಿಗಳನ್ನು ಹೊರುವ ಹಲಗೆಗೆ ಪ್ರತಿ 60 ಸೆಂ.ಮೀ.ಗೆ ಒಂದು ಆಸರೆ ಕೊಡಬೇಕು. ಮುಂದಿನ ಅಂಚಿಗೆ 3-4 ಸೆಂ.ಮೀ. ಅಗಲದ ರೀಪನ್ನು ನಿಲುವಾಗಿ ಹೊಡೆದರೆ ಹಲಗೆ ಗಟ್ಟಿಯಾಗುವುದಲ್ಲದೆ ಡಬ್ಬಿ ಜಾರಿ ಬೀಳುವುದೂ ತಪ್ಪುತ್ತದೆ.

ಹೊರಕ್ಕೆಳೆಯುವ ಟ್ರೇ

ಆಳವಾದ ಗೂಡಿಗೆ ನಿಜವಾದ ಪರಿಹಾರ ಇದೇ. ಸ್ವಲ್ಪ ಕೈಕೆಲಸ ಹೆಚ್ಚು. ಪೇಟೆಯಲ್ಲಿ ಸಿಗುವ ಸ್ಟೀಲಿನ ತಂತಿ ಬುಟ್ಟಿಗಳನ್ನು ನಗರದ ಕಪಾಟುಗಳಿಗೆ ಅಳೆದು ಮಾಡಿರುತ್ತಾರೆ. ಅವುಗಳ ಜಾರುಪಟ್ಟಿಯನ್ನು ಸೊಟ್ಟಗಿರುವ ಕಲ್ಲಿಗೆ ಕೂರಿಸುವುದು ಕಷ್ಟ. ಮರದಲ್ಲಿಯೇ ಒಂದು ಬಿಡಿ ಚೌಕಟ್ಟು ಮಾಡಿ ಗೂಡಿನೊಳಗೆ ನೂಕುವುದು ಮೇಲು.

ಮೇಲೆ ಹೇಳಿದ 60 ಸೆಂ.ಮೀ. ಗೂಡಿಗೆ ಚೌಕಟ್ಟಿನ ಹೊರ ಅಗಲ 59 ಸೆಂ.ಮೀ. ಇರಲಿ. ಎರಡು ಬದಿಯ ಹಲಗೆಗಳು 18 ಮಿ.ಮೀ. ದಪ್ಪವಾದರೆ ಒಳಗೆ 55.4 ಸೆಂ.ಮೀ. ಉಳಿಯುತ್ತದೆ. ಟ್ರೇಯ ಹೊರ ಅಗಲ ಸರಿಯಾಗಿ 55 ಸೆಂ.ಮೀ. ಇದ್ದರೆ ಎರಡೂ ಕಡೆ 2 ಮಿ.ಮೀ. ಸಡಿಲ ಸಿಗುತ್ತದೆ, ಮಳೆಗಾಲದಲ್ಲಿ ಮರ ಉಬ್ಬಿದಾಗ ಇಷ್ಟು ಸಡಿಲ ಬೇಕೇ ಬೇಕು. ಚೌಕಟ್ಟಿನ ಆಳ 55 ಸೆಂ.ಮೀ. ಸಾಕು, ಹಿಂದೆ ಗೋಡೆಗೂ ಮರಕ್ಕೂ ನಡುವೆ ಗಾಳಿಗೆ ಜಾಗವಿರಲಿ. ಎರಡೂ ಬದಿಯ ಒಳಮೈಗೆ, ಬುಡದಿಂದ 46 ಸೆಂ.ಮೀ. ಎತ್ತರದಲ್ಲಿ ಮೇಲ್ಮೈ ಬರುವಂತೆ 2 ಸೆಂ.ಮೀ. ಚದರದ ರೀಪನ್ನು ಸ್ಕ್ರೂ ಹಾಕಿ ಕೂರಿಸಬೇಕು. ಟ್ರೇ ಈ ರೀಪುಗಳ ಮೇಲೆ ಜಾರುತ್ತದೆ. ಟ್ರೇಯ ಬದಿಗಳು 6 ಸೆಂ.ಮೀ. ಎತ್ತರ, 12 ಮಿ.ಮೀ. ದಪ್ಪ; ತಳಕ್ಕೆ 6 ಮಿ.ಮೀ. ಪ್ಲೈವುಡ್.

ಇಷ್ಟಕ್ಕೇ ನಿಲ್ಲಿಸಿದರೆ ಟ್ರೇಯನ್ನು ಅರ್ಧಕ್ಕಿಂತ ಹೆಚ್ಚು ಎಳೆದ ಕೂಡಲೇ ಅದು ಮೂತಿ ಬಗ್ಗಿಸಿ ಡಬ್ಬಿಗಳೆಲ್ಲ ಕಾಲ ಮೇಲೆ ಬೀಳುತ್ತವೆ. ಆದ್ದರಿಂದ ಟ್ರೇಯ ಬದಿಯ ಮೇಲಂಚಿಗಿಂತ 3 ಮಿ.ಮೀ. ಮೇಲೆ, ಎರಡೂ ಕಡೆ ಇನ್ನೊಂದೊಂದು ರೀಪನ್ನು ಹೊಡೆಯಬೇಕು. ಎಳೆದಾಗ ಟ್ರೇಯ ಹಿಂದಿನ ತುದಿ ಈ ರೀಪಿಗೆ ತಗುಲಿ ನಿಲ್ಲುತ್ತದೆ. ಈ ಮೇಲಿನ ರೀಪಿನ ಅಗಲ ಟ್ರೇಯ ಬದಿಯ ದಪ್ಪಕ್ಕಿಂತ ಹೆಚ್ಚಿರದಿದ್ದರೆ ಡಬ್ಬಿಗಳಿಗೆ ಅಡ್ಡ ಬರುವುದಿಲ್ಲ. ಪೂರ್ತಿ ಹೊರಗೆ ಬಾರದಂತೆ ಒಂದು ತಡೆಯನ್ನೂ ಕೊಡಬೇಕು. ಜಾರುವ ಜಾಗಕ್ಕೆ ಮೇಣದ ಬತ್ತಿಯನ್ನು ಉಜ್ಜಿದರೆ ಸಾಕು. ಎಣ್ಣೆ ಹಚ್ಚಬಾರದು, ಅದಕ್ಕೆ ಹಿಟ್ಟು ಮತ್ತು ಧೂಳು ಮೆತ್ತಿ ಅಂಟಾಗುತ್ತದೆ. ಬಾಗಿಲು ಪೂರ್ತಿ ತೆರೆಯದಿದ್ದರೆ ಟ್ರೇ ಬಾಗಿಲಿನ ಅಂಚಿಗೆ ಬಡಿಯುತ್ತದೆ ಎಂಬುದನ್ನು ಮರ ಕೊಯ್ಯುವ ಮೊದಲೇ ನೋಡಿಕೊಳ್ಳಬೇಕು.

ಟ್ರೇಯ ಕೆಳಗೆ ಉಳಿಯುವ ಜಾಗ 15 ಕಿಲೊ ಎಣ್ಣೆಯ ಚೌಕ ತಗಡಿನ ಡಬ್ಬಿಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಈ ಡಬ್ಬಿ ಸುಮಾರು 23 ಸೆಂ.ಮೀ. ಚೌಕ, 35 ಸೆಂ.ಮೀ. ಎತ್ತರ, ಸುಮಾರು 12-13 ಕಿಲೊ ಅಕ್ಕಿ ಹಿಡಿಯುತ್ತದೆ. ನಾಲ್ಕು ಡಬ್ಬಿಗಳಿಗೆ 50 ಕಿಲೊ ಭಾರವಾಗುವುದರಿಂದ ಅವನ್ನು ಟ್ರೇಯಲ್ಲಿ ಇಡದೆ, ನೆಲದ ಮೇಲೆ ಸಣ್ಣ ಚಕ್ರ ಹೊಡೆದ ಹಲಗೆಯ ಮೇಲೆ ಇಟ್ಟು ಎಳೆದುಕೊಳ್ಳಬಹುದು. ಗೂಡಿನ ನೆಲವನ್ನು ಒಂದು ಮೆಟ್ಟಿಲಿನಷ್ಟು ಎತ್ತರಿಸಿದ್ದರೆ ಮಾತ್ರ ಚಕ್ರ ಬೇಡ, ಹಲಗೆ ಉರುಳಿ ಕೆಳಗೆ ಬಿದ್ದೀತು. ಔಷಧಿ, ಗ್ರೀಸ್ ಅಥವಾ ಇಂಜಿನ್ ಎಣ್ಣೆ ತುಂಬಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಲೇಬಾರದು.

ಬಾಗಿಲ ಒಳಮೈ ಮತ್ತು ಇತರ ಸಣ್ಣ ಜಾಗಗಳು

ಬಾಗಿಲಿನ ಒಳಮೈಗೆ ಎರಡು ರೀಪು ಹೊಡೆದರೆ ಪಾತ್ರೆಯ ಮುಚ್ಚಳ, ಸೌಟು, ಜಾಲರಿ ಇಡಲು ಜಾಗವಾಗುತ್ತದೆ. 18 ಮಿ.ಮೀ. ಬಾಗಿಲಿಗೆ ಹಾಕುವ ಸ್ಕ್ರೂ, ರೀಪಿನ ದಪ್ಪವನ್ನು ಬಿಟ್ಟು 15 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು. ಇಲ್ಲಿ 2-3 ಕಿಲೊಗಿಂತ ಹೆಚ್ಚು ಭಾರ ಹೇರಿದರೆ ಕೀಲು ಸಡಿಲವಾಗಿ ಬಾಗಿಲು ಜೋಲುತ್ತದೆ. ತಟ್ಟೆ, ದೋಸೆ ಕಾವಲಿ, ಮೊರ, ಲಟ್ಟಣಿಗೆ ಮಣೆ ಇವನ್ನು ಒಂದರ ಮೇಲೊಂದು ಪೇರಿಸುವುದಕ್ಕಿಂತ ನಿಲುವಾಗಿ ಇಡುವುದು ಒಳ್ಳೆಯದು, 8 ಸೆಂ.ಮೀ.ಗೆ ಒಂದರಂತೆ ತೆಳು ಹಲಗೆಯ ಅಡ್ಡಗೋಡೆ ಸಾಕು. ಬೆಣ್ಣೆ, ಮೊಸರು, ಬೆಲ್ಲಕ್ಕೆ ತೊಲೆಯಿಂದ ಇಳಿಬಿಟ್ಟ ಹಳೆಯ ನೆಲುವನ್ನು ಇಂದಿಗೂ ಯಾವ ಕಪಾಟೂ ಮೀರಿಸಿಲ್ಲ.

ಗೋಡೆಗೆ ಹೊಸ ಹಲಗೆ ಹೊಡೆಯುವುದಾದರೆ ಗೋಡೆ ಯಾವುದೆಂದು ತಿಳಿದಿರಬೇಕು. ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆಯಲ್ಲಿ 8 ಮಿ.ಮೀ. ರಂಧ್ರ ಕೊರೆದು, ಪ್ಲಗ್ ಹಾಕಿ, 50 ಮಿ.ಮೀ. ಸ್ಕ್ರೂ ಬಿಗಿದರೆ ನಿಲ್ಲುತ್ತದೆ. ಮಣ್ಣಿನ ಗೋಡೆ ಪ್ಲಗ್ಗನ್ನು ಹಿಡಿಯುವುದಿಲ್ಲ. ಅಲ್ಲಿ ನೆಲಕ್ಕೆ ಕಾಲು ಊರಿದ ಸ್ಟ್ಯಾಂಡೇ ಸರಿ. ಹಳೆಯ ಗೋಡೆಯನ್ನು ಕೊರೆದು ಹೊಸ ಗೂಡು ತೆಗೆಯುವ ಸಾಹಸ ಬೇಡ, ಮಾಳಿಗೆಯ ಭಾರ ಅದರ ಮೇಲಿರುತ್ತದೆ.

ಒಲೆ ಹೋದ ಮೇಲೆ ಅಟ್ಟ

ಮಲೆನಾಡಿನಲ್ಲಿಯೂ ಬಯಲುಸೀಮೆಯ ಎಷ್ಟೋ ಮನೆಗಳಲ್ಲಿಯೂ ಒಲೆಯ ಮೇಲಿನ ಅಟ್ಟ ಒಳ್ಳೆಯ ದಾಸ್ತಾನಿನ ಜಾಗವಾಗಿತ್ತು. ಮುಸುಕಿನ ಜೋಳದ ತೆನೆ, ಬಿತ್ತನೆ ಬೀಜ, ಮೆಣಸಿನಕಾಯಿ ಅಲ್ಲಿ ಕೆಡದೆ ಉಳಿಯುತ್ತಿದ್ದುದು ಅಟ್ಟದ ಗುಣದಿಂದಲ್ಲ, ಕೆಳಗಿನ ಹೊಗೆ ಮತ್ತು ಬಿಸಿಯಿಂದ. ಹೊಗೆ ಹುಳುವನ್ನು ದೂರವಿಡುತ್ತಿತ್ತು, ಬಿಸಿ ತೇವವನ್ನು ಎಳೆಯುತ್ತಿತ್ತು. 2016ರ ಮೇ ತಿಂಗಳಲ್ಲಿ ಪ್ರಧಾನ ಮಂತ್ರಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಬಡ ಮನೆಗಳಿಗೂ ಗ್ಯಾಸ್ ಬಂದಿದೆ. ಹೆಂಗಸರ ಕಣ್ಣಿಗೆ, ಎದೆಗೆ ಇದು ದೊಡ್ಡ ಉಪಕಾರ. ಆದರೆ ಹೊಗೆ ನಿಂತ ಅಟ್ಟದಲ್ಲಿ ಹಿಂದಿನಂತೆಯೇ ಕಾಳನ್ನು ತೆರೆದಿಟ್ಟರೆ ಒಂದು ಮಳೆಗಾಲದೊಳಗೆ ಅದು ಹುಳುವಿನ ಅಥವಾ ಬೂಷ್ಟಿನ ಪಾಲಾಗುತ್ತದೆ. ಗ್ಯಾಸಿಗೆ ಬದಲಾದ ಮನೆಯಲ್ಲಿ ಅಟ್ಟವನ್ನು ಪಾತ್ರೆಗಳಿಗೆ ಬಿಟ್ಟು, ಕಾಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಇಳಿಸಬೇಕು. ಶೇಂಗಾ ಬೀಜದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಬಿಗಿ ಡಬ್ಬಿಗೆ ತುಂಬುವ ಕಾಳು ಚೆನ್ನಾಗಿ ಒಣಗಿರಬೇಕು. ಏಕದಳ ಧಾನ್ಯಗಳಲ್ಲಿ ತೇವ ಶೇಕಡ 12ಕ್ಕಿಂತ, ದ್ವಿದಳ ಧಾನ್ಯಗಳಲ್ಲಿ ಶೇಕಡ 10ಕ್ಕಿಂತ ಕಡಿಮೆ ಇರಬೇಕು. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕೆಂದು ಮುರಿಯುವುದು ಮನೆಯ ಪರೀಕ್ಷೆ. ಬಿಸಿಲಿನಿಂದ ತಂದ ಕಾಳನ್ನು ನೆರಳಿನಲ್ಲಿ ಪೂರ್ತಿ ಆರಿಸಿ ತುಂಬಬೇಕು, ಇಲ್ಲವಾದರೆ ಮುಚ್ಚಳದ ಒಳಗೆ ಬೆವರುತ್ತದೆ. ತೊಗರಿ, ಹೆಸರುಗಳನ್ನು ಇಡಿ ಕಾಳಾಗಿ ಇಡುವುದಕ್ಕಿಂತ ಬೇಳೆ ಮಾಡಿ ಇಟ್ಟರೆ ಕಾಳು ಕೊರೆಯುವ ದುಂಬಿಯ ಬಾಧೆ ಬಹಳ ಕಡಿಮೆ.

ಈರುಳ್ಳಿ, ಆಲೂಗೆಡ್ಡೆಗಳಿಗೆ ಮುಚ್ಚಿದ ಕಪಾಟು ಆಗದು. ಈರುಳ್ಳಿಗೆ ಗಾಳಿ ಬೇಕು, ಆಲೂಗೆಡ್ಡೆಗೆ ಗಾಳಿಯ ಜೊತೆಗೆ ಕತ್ತಲೂ ಬೇಕು. ಬೆಳಕು ಬಿದ್ದು ಹಸಿರಾದ ಗೆಡ್ಡೆ ತಿನ್ನಲು ಯೋಗ್ಯವಲ್ಲ. ಇವನ್ನು ಬೇರೆ ಬೇರೆ ಬುಟ್ಟಿಯಲ್ಲಿಟ್ಟು, ಕಪಾಟಿನ ಬಾಗಿಲಿಗೆ ಹಲಗೆಯ ಬದಲು ತಂತಿ ಬಲೆ ಹೊಡೆಯಬಹುದು. ಬಲೆಯ ಕಣ್ಣು 6 ಮಿ.ಮೀ.ಗಿಂತ ಸಣ್ಣದಿರಲಿ, ಮರಿ ಇಲಿಗೆ ಅಷ್ಟು ಸಂದಿಯೂ ಸಾಕು.

ಕಪಾಟಿನಲ್ಲಿ ಇಡಬಾರದವು

ಗ್ಯಾಸಿನ ಸಿಲಿಂಡರನ್ನು ಮುಚ್ಚಿದ ಗೂಡಿನಲ್ಲಿ ಸೇರಿಸಿ ಜಾಗ ಉಳಿಸುವುದು ಅಪಾಯದ ಉಳಿತಾಯ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ಗೂಡಿನ ತಳದಲ್ಲಿ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಬಾಗಿಲನ್ನು ತೆಗೆದುಹಾಕಿ ಆ ಗೂಡನ್ನು ತೆರೆದಿಡುವುದೇ ಸರಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಅದರ ಗೂಡಿನಲ್ಲಿ ಬೇರೆ ಯಾವ ಸಾಮಾನೂ ಇರಬಾರದು.

ಬೆಳೆಗೆ ಹೊಡೆಯುವ ಔಷಧಿ, ಔಷಧಿ ಲೇಪಿಸಿದ ಬಣ್ಣದ ಬಿತ್ತನೆ ಬೀಜ, ಕಾಳಿಗೆ ಹೊಗೆಯಾಡಿಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇವುಗಳಿಗೆ ಅಡಿಗೆಮನೆಯ ಅತಿ ಎತ್ತರದ ಹಲಗೆಯೂ ಸಲ್ಲದು. ಈ ಮಾತ್ರೆ ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫಿನ್ ಎಂಬ ಪ್ರಾಣಾಂತಿಕ ಅನಿಲವನ್ನು ಬಿಡುತ್ತದೆ. ಜನ ಮಲಗುವ ಮನೆಯೊಳಗೆ ಅದನ್ನು ಇಡುವುದಾಗಲಿ, ಕಾಳಿನ ಡಬ್ಬಿಗೆ ಹಾಕುವುದಾಗಲಿ ಕೂಡದು.

ಮರದ ಆಯ್ಕೆ ಮತ್ತು ಕಾಲ

ತೋಟದ ಸಿಲ್ವರ್ ಓಕ್, ಹಲಸು, ಬೇವು ಯಾವುದಾದರೂ ಆಗುತ್ತದೆ, ಚೆನ್ನಾಗಿ ಒಣಗಿರಬೇಕಷ್ಟೆ. ಪ್ಲೈವುಡ್ ಕೊಳ್ಳುವುದಾದರೆ ನೀರು ತಾಗುವ ತೊಟ್ಟಿಯ ಕೆಳಗೆ ಐ.ಎಸ್. 710 ಗುರುತಿನದು, ಉಳಿದೆಡೆ ಐ.ಎಸ್. 303 ಗುರುತಿನದು ಸಾಕು. ಮರದ ಪುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆ ಒಮ್ಮೆ ನೀರು ಕುಡಿದರೆ ಊದಿಕೊಂಡು ಸ್ಕ್ರೂವನ್ನು ಬಿಟ್ಟುಬಿಡುತ್ತದೆ. ಗೆದ್ದಲಿಗೆಂದು ಹಲಗೆಯ ಒಳಮೈಗೆ ಕೀಟನಾಶಕ ಬಳಿಯಬಾರದು. ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆ ಇಟ್ಟು ಮರವನ್ನು ನೆಲದಿಂದ ಬಿಡಿಸುವುದು ಸಾಕಷ್ಟು ರಕ್ಷಣೆ ಕೊಡುತ್ತದೆ. ಮೇಲ್ಮೈಗೆ ಅಗಸೆ ಎಣ್ಣೆ ಎರಡು ಕೈ ಹಚ್ಚಬಹುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುವುದುಂಟು, ಆದ್ದರಿಂದ ಬಯಲಿನಲ್ಲಿ ಹರವಿ ಒಣಗಿಸಬೇಕು. ಮರ ಒಣಗಿರುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಈ ಕೆಲಸ ಹಿಡಿದರೆ ಎಣ್ಣೆಯ ವಾಸನೆ ಆರಿ, ಮುಂಗಾರಿಗೆ ಮುನ್ನ ಡಬ್ಬಿಗಳನ್ನು ಜೋಡಿಸಲು ಕಪಾಟು ಸಿದ್ಧವಾಗಿರುತ್ತದೆ.